ಹೆಸರಾದ ಮೇಲೆ ಬಂದದ್ದೆಲ್ಲ

ಬ್ರೆಡ್ಡಿನ ತುಂಡು ಬಾಯಲ್ಲಿದ್ದಾಗಲೇ ಅವನಿಗೆ ಅದು ಹೊಳೆದುಬಿಟ್ಟಿತು. ಹೊಳೆದ ಮೇಲೆ ಅಗಿಯುವುದೋ, ನುಂಗುವುದೋ, ಎದ್ದು ಹೋಗಿ ಉಗಿಯುವುದೋ ತಿಳಿಯದೆ ಒಂದು ಕೆನ್ನೆ ಉಬ್ಬಿಸಿಕೊಂಡೇ ಕೂತ. ಜಗಳ ಅಂಥ ದೊಡ್ಡದೇನಲ್ಲ, ಬಿಸಿನೀರಿನ ಸ್ವಿಚ್ಚಿನದು. ಹೆಂಡತಿ ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ತಾರಸಿಯ ಮೆಟ್ಟಿಲು ಹತ್ತುತ್ತ, ಹಿಂದೆ ತಿರುಗಿಯೂ ನೋಡದೆ, "ಅಮ್ಮಾ, ಮಾತ್ರೆ ನುಂಗಿದ್ಯಾ, ನೀರು ಜಾಸ್ತಿ ಕುಡಿ, ಮಂಡಿಗೆ ಎಣ್ಣೆ ಹಚ್ಕೋ, ಬಿಸಿನೀರಿನ ಸ್ವಿಚ್ಚು ನೆನಪಿರಲಿ" ಅಂದು ಹೋಗಿದ್ದಳು. ಬಟ್ಟೆ ಹರವಿ ಇಳಿದು ಬರುವಷ್ಟರಲ್ಲಿ ಬಚ್ಚಲುಮನೆಯ ಟ್ಯಾಂಕು ಬುಸುಗುಡುತ್ತಿತ್ತು, ಗೋಡೆಯೆಲ್ಲ ಬೆವರಿತ್ತು, ಇವನು ಮಾತ್ರ ಹಾಯಾಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

"ರೀ, ಸ್ವಿಚ್ಚು ಆರಿಸಿ ಅಂತ ಹೇಳಿ ಹೋಗಿರ್ಲಿಲ್ವಾ?"

"ನನಗೆಲ್ಲಿ ಹೇಳಿದೆ? ಅಮ್ಮಾ ಅಂತ ಕರೆದೆ. ಕರೆದ ಮೇಲೆ ಹೇಳಿದ್ದೆಲ್ಲ ಅತ್ತೆಗೇ ಸೇರಿತು. ನನಗೆ ಹೇಳೋದನ್ನ ಅತ್ತೆ ಹೆಸರು ಎತ್ತೋಕೆ ಮುಂಚೆನೇ ಹೇಳಿ ಮುಗಿಸಬೇಕಿತ್ತು. ಅದು ನಿಯಮ."

"ಯಾರಪ್ಪನ ಮನೆ ನಿಯಮ ರೀ ಅದು? ಆ ಸ್ವಿಚ್ಚು ಎಷ್ಟು ಎತ್ತರದಲ್ಲಿದೆ ನೋಡಿದೀರಾ? ಮಂಡಿ ನೋವಿನ ಹೆಂಗಸು ಸ್ಟೂಲು ಹತ್ತಿ ಆರಿಸಬೇಕಿತ್ತಾ?"

ಅತ್ತೆ ಎಣ್ಣೆಯ ಬಟ್ಟಲಿನಿಂದ ತಲೆ ಎತ್ತಿ, "ನಾನು ಸ್ಟೂಲು ಎಳೆದೆ ಕಣೇ. ಅಳಿಯಂದಿರು ನೋಡ್ತಾನೇ ಇದ್ರು, ಏನೂ ಅನ್ನಲಿಲ್ಲ" ಎಂದು ಇನ್ನಷ್ಟು ಎಣ್ಣೆ ಸುರಿದರು, ಮಂಡಿಗಲ್ಲ, ಜಗಳಕ್ಕೆ. ಇಂಥ ಕಡೆ ಬಾಯಿ ಮುಚ್ಚಿಕೊಳ್ಳಬೇಕು ಅನ್ನುವುದು ಮದುವೆಯಾಗಿ ಇಷ್ಟು ವರ್ಷಕ್ಕೆ ಯಾವ ಗಂಡಸಿಗಾದರೂ ತಿಳಿದಿರುತ್ತದೆ. ಇವನಿಗೂ ತಿಳಿದಿತ್ತು. ಆದರೆ ನಿಯಮದ ಮಾತು ಬಂದರೆ ಸುಮ್ಮನಿರುವ ಪ್ರಾಣಿಯಲ್ಲ ಅವನು. ಆಫೀಸಿನಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ ಕರೆಯುವುದೇ ಕಾಯ್ದೆ ಅಂತ. ಆದ್ದರಿಂದ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ, ಬೆಣ್ಣೆ ಚಾಕು ಮೇಲೆತ್ತಿ, "ಹೆಸರಾದ ಮೇಲೆ ಬಂದದ್ದೆಲ್ಲ ಆ ಹೆಸರಿನವರಿಗೇ" ಎಂದು ಸಾರಿದ. ಸಾರಿದ ಆ ಕ್ಷಣಕ್ಕೇ ಕಳೆದ ಗುರುವಾರ ತಾನು ಆಫೀಸಿನಲ್ಲಿ ಬರೆದ ಒಂದು ಸಾಲು ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರದಲ್ಲಿ ಕಣ್ಣ ಮುಂದೆ ನಿಂತಿತು. ಮೊದಲು ಹೆಸರು. ಆಮೇಲೆ ಉಳಿದದ್ದೆಲ್ಲ. ಎಲ್ಲವೂ.

"ಏನಾಯ್ತ್ರೀ? ಗಂಟಲಿಗೆ ಸಿಕ್ಕಿತಾ?"

ಅವನು ಹೌದೆಂದು ತಲೆಯಾಡಿಸಿದ. ಹೆಂಡತಿ ಬೆನ್ನಿಗೆ ಎರಡು ಗುದ್ದು ಹಾಕಿದಳು. ಅವುಗಳಲ್ಲಿ ಒಂದು ಸ್ವಿಚ್ಚಿನ ಲೆಕ್ಕದ್ದು ಅನ್ನಿಸಿತು ಅವನಿಗೆ.

ಬೀದಿಗೆ ಬಿದ್ದ ಮೇಲೂ ಆ ಸಾಲು ಕಣ್ಣ ಮುಂದಿನಿಂದ ಹೋಗಲಿಲ್ಲ. ಇರಲಾರದು, ನಾನು ಹಾಗೆ ಬರೆದಿರಲಾರೆ, ನಾನೇ ಮಾಡಿದ ನಿಯಮ, ನನಗೇ ಮರೆಯುತ್ತದಾ, ಎಂದುಕೊಂಡು ಕ್ಷೌರದಂಗಡಿ ದಾಟಿದ. ಬರೆದಿದ್ದೇನೆ, ಖಂಡಿತ ಬರೆದಿದ್ದೇನೆ, ಎಂದುಕೊಂಡು ಪಾತ್ರೆ ಅಂಗಡಿ ದಾಟಿದ. ಒಮ್ಮೆ ಅತ್ತೆ, ನೀವು ದಿನಾ ಹೋಗಿ ಅಲ್ಲಿ ಏನು ಮಾಡ್ತೀರಿ ಅಳಿಯಂದಿರೇ ಎಂದು ಕೇಳಿದ್ದರು. ಒಂದು ದೊಡ್ಡ ಯಂತ್ರ ಇರುತ್ತೆ ಅತ್ತೆ, ಅದರ ಹೊಟ್ಟೆಯೊಳಗೆ ಹತ್ತಾರು ಸಣ್ಣ ಯಂತ್ರ ಇರುತ್ತವೆ, ನಿಜವಾದ ಯಂತ್ರ ಅಲ್ಲ, ಬರೀ ಲೆಕ್ಕಾಚಾರದ್ದು. ಆದರೆ ಪ್ರತಿಯೊಂದೂ ಇಡೀ ಕಟ್ಟಡ ತನ್ನದೇ ಅಂದುಕೊಂಡಿರುತ್ತೆ, ಅಂದಿದ್ದ. "ಓ, ಬಾಡಿಗೆ ಮನೆ ಥರ" ಅಂದಿದ್ದರು ಅತ್ತೆ. ಹೂಂ, ದೊಡ್ಡದಕ್ಕೆ ಹೋಸ್ಟ್ ಅಂತೀವಿ, ಒಳಗಿನದಕ್ಕೆ ಗೆಸ್ಟ್ ಅಂತೀವಿ, ಯಾವುದು ಯಾವಾಗ ಏನು ಮಾಡ್ತು, ಯಾಕೆ ನಿಂತಿತು ಅಂತ ಎರಡನ್ನೂ ಒಟ್ಟಿಗೆ ಕಾಯೋಕೆ ನಾನೊಂದು ಸಾಧನ ಮಾಡಿದೀನಿ, ಟ್ರೇಸ್ ಅಂತ. "ಅಂದ್ರೆ ಪಕ್ಕದ ಮನೆಯವರ ಮೇಲೆ ಕಣ್ಣಿಡೋದು. ಅದಕ್ಕೆ ಇಷ್ಟೊಂದು ಓದಬೇಕಿತ್ತಾ?" ಎಂದು ಅತ್ತೆ ಟಿವಿಯ ಕಡೆ ತಿರುಗಿದ್ದರು.

ಸಾಧನಕ್ಕೆ ಏನೇ ಹೇಳಬೇಕಾದರೂ ಒಂದೇ ಸಾಲಿನಲ್ಲಿ ಹೇಳಬೇಕು. ಏನನ್ನು ಗಮನಿಸಬೇಕು ಅನ್ನುವುದಕ್ಕೆ ಮೊದಲಿಗೊಂದು ಅಡ್ಡಗೆರೆ ಹಚ್ಚಿದ ಸಣ್ಣ ಸಣ್ಣ ಪದಗಳು, ಅವಕ್ಕೆ ಆಪ್ಷನ್ ಅನ್ನುತ್ತಾರೆ. ಒಂದೇ ಸಾಲಿನಲ್ಲಿ ಹೋಸ್ಟಿಗೂ ಹೇಳಬೇಕು, ಗೆಸ್ಟಿಗೂ ಹೇಳಬೇಕು, ಯಾವುದು ಯಾರಿಗೆ ಅಂತ ಸಾಧನಕ್ಕೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆ ಎದ್ದಾಗ ಅವನೇ ಎದೆ ಉಬ್ಬಿಸಿ ಕಾಯ್ದೆ ಮಾಡಿದ್ದು. ಗೆಸ್ಟಿನ ಹೆಸರು ಬರುವ ತನಕದ್ದೆಲ್ಲ ಹೋಸ್ಟಿನದು, ಹೆಸರು ಬಂದ ಮೇಲಿನದೆಲ್ಲ ಆ ಗೆಸ್ಟಿನದು. ಹೋಸ್ಟಿಗೆ ಏನೂ ಹೇಳದೆ ಬಿಟ್ಟರೆ ಹೋಸ್ಟು ಏನನ್ನೂ ಬರೆದಿಡುವುದಿಲ್ಲ, ತನ್ನ ಪಾಡಿಗೆ ತಾನು ಬಾಯಿ ಹೊಲಿದುಕೊಂಡು ಕೂರುತ್ತದೆ. ಅಂಥ ಹೊತ್ತಿನಲ್ಲಿ ಒಂದು ಎಚ್ಚರಿಕೆಯ ಮಾತನ್ನಾದರೂ ತೋರಿಸಬಾರದೇ ಎಂದು ಆಗ ಒಬ್ಬರು ಕೇಳಿದ್ದರು. ಇದು ತಿಳಿದವರು ಬಳಸುವ ಸಾಧನ ಎಂದು ಇವನು ಒಂದೇ ಸಾಲಿನ ಉತ್ತರ ಕೊಟ್ಟು ಅವರ ಬಾಯಿ ಮುಚ್ಚಿಸಿದ್ದ. ಕೇಳಿದ್ದು ಟೀಚರ್. ನೆನಪಾದದ್ದೇ ನಡುಬೀದಿಯಲ್ಲೇ ನಿಂತುಬಿಟ್ಟ, ಎದುರಿಗೆ ಬಂದ ಸೈಕಲ್ಲಿನವನು ಬೆಲ್ಲು ಹೊಡೆದು ಹೊಡೆದು ಸಾಕಾಗಿ, "ಸ್ವಾಮಿ, ಮನೇಲಿ ಹೇಳಿ ಬಂದಿದೀರಾ?" ಎಂದು ಬೈದು ಹೋದ.

ಟೀಚರ್ ಅಂದರೆ ಆಫೀಸಿನಲ್ಲಿ ಗೆಸ್ಟಿನ ಕಡೆಯ ಕೆಲಸ ನೋಡುವಾಕೆ. ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳಂತೆ, ಅದಕ್ಕೆ ಆ ಹೆಸರು. ಮ್ಯಾನೇಜರೂ ಹಾಗೇ ಕರೆಯುತ್ತಾರೆ. ಎರಡು ವರ್ಷ ಕೂತು ಅವಳೊಂದು ಜೋಡಣೆ ಕಟ್ಟಿದ್ದಳು. ಟಿವಿ ವಾಹಿನಿಯೊಂದರ ಚಿತ್ರಗಳನ್ನು ಗೆಸ್ಟಿನೊಳಗೇ ಸರಸರನೆ ಹೊಂದಿಸಿ ಮುಂದೆ ಕಳಿಸುವಂಥದ್ದು. ಎಲ್ಲ ಚೆನ್ನಾಗೇ ಇತ್ತು. ಆದರೆ ಈಚೆಗೆ ಆಗೊಮ್ಮೆ ಈಗೊಮ್ಮೆ ಚಿತ್ರ ಗಕ್ಕನೆ ನಿಲ್ಲತೊಡಗಿತ್ತು. ವಾರ್ತೆ ಓದುವ ಹೆಂಗಸು ಅರ್ಧ ಮಾತಿನಲ್ಲಿ ಬಾಯಿ ತೆರೆದುಕೊಂಡು ನಿಂತುಬಿಡುವಳು. ನೋಡಿದವರೆಲ್ಲ ನಕ್ಕರು, ವಾಹಿನಿಯವರು ಮಾತ್ರ ನಗಲಿಲ್ಲ. ತಪ್ಪು ಗೆಸ್ಟಿನದೋ ಹೋಸ್ಟಿನದೋ ಅಂತ ಕೇಳಿದರು. ಹೋಸ್ಟು ನೋಡಿಕೊಳ್ಳುವವನು ಯಾರು? ಇವನೇ. ಎರಡರ ಮೇಲೂ ಟ್ರೇಸ್ ಹಾಕಿದವನು ಯಾರು? ಇವನೇ. ಗುರುವಾರ ತುಂಬಿದ ಸಭೆಯಲ್ಲಿ ಗೋಡೆಯ ಪರದೆಯ ಮೇಲೆ ಎರಡು ಪಟ್ಟಿ ತೋರಿಸಿದ್ದ. ಗೆಸ್ಟಿನ ಪಟ್ಟಿಯಲ್ಲಿ ಗಿಜಿಗಿಜಿ ಗೆರೆ, ನಡುನಡುವೆ ದೊಡ್ಡ ದೊಡ್ಡ ತಡ. ಹೋಸ್ಟಿನ ಪಟ್ಟಿ ಈಗಷ್ಟೇ ಸಾರಿಸಿದ ನೆಲ. "ನೋಡಿ, ನಮ್ಮ ಕಡೆ ಒಂದು ಗೆರೆಯೂ ಇಲ್ಲ" ಅಂದಿದ್ದ. ಅನ್ನುವಾಗ ಹುಬ್ಬು ಸ್ವಲ್ಪ ಮೇಲೇರಿಸಿದ್ದೂ ಈಗ ನೆನಪಾಯಿತು, ಅದು ಬೇಕಿರಲಿಲ್ಲ. ಟೀಚರ್ ಪರದೆಯನ್ನೇ ನೋಡಿ ನೋಡಿ, ಕೊನೆಗೆ, "ಸರಿ ಸರ್, ನಾನು ಹುಡುಕ್ತೀನಿ" ಅಂದಿದ್ದಳು. ಮ್ಯಾನೇಜರು, ಸರಿಹೋಗದಿದ್ದರೆ ಮಂಗಳವಾರ ನಾಲ್ಕು ಗಂಟೆಗೆ ಕೂತು ಆ ಜೋಡಣೆಯನ್ನ ಕಿತ್ತು ಹಾಕೋಣ, ಹೊರಗಿನಿಂದ ಕೊಂಡದ್ದನ್ನೇ ಹಾಕೋಣ, ಎಂದು ಗಡುವು ಕೊಟ್ಟಿದ್ದರು. ಇವತ್ತು ಮಂಗಳವಾರ.

ಆಫೀಸಿಗೆ ಹೋದವನು ಬ್ಯಾಗು ಇಳಿಸದೆಯೇ ಹಳೆಯ ಸಾಲನ್ನು ತೆಗೆದು ನೋಡಿದ. ಇತ್ತು. ಸಾಧನದ ಹೆಸರು, ಬೆನ್ನಿಗೇ ಗೆಸ್ಟಿನ ಹೆಸರು, ಆಮೇಲೆ ಯಾವಾಗ ಓಡಿತು, ಯಾವಾಗ ನಿಂತಿತು, ಯಾರು ನಿಲ್ಲಿಸಿದರು ಎಲ್ಲ ಬರೆದಿಡು ಅನ್ನುವ ಆಪ್ಷನ್ನುಗಳ ಮೆರವಣಿಗೆ. ಹೋಸ್ಟಿನ ಪಾಲಿಗೆ ಒಂದು ಚೂರೂ ಇಲ್ಲ. ಅಯ್ಯೋ ಶಿವನೇ ಅಂದ, ಜೋರಾಗಿಯೇ ಅಂದುಬಿಟ್ಟು, ಪಕ್ಕದವನು ನೋಡಿದಾಗ ಕೆಮ್ಮಿದ. ಆಮೇಲೆ ಕಳ್ಳನ ಹಾಗೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಈ ಸಲ ಹೋಸ್ಟಿನ ಮಾತನ್ನು ಹೆಸರಿಗೆ ಮುಂಚೆ ಇಟ್ಟು, ಗೆಸ್ಟಿನ ಮಾತನ್ನು ಹೆಸರಾದ ಮೇಲೆ ಇಟ್ಟು, ಟ್ರೇಸ್ ಹಾಕಿದ. ಪಟ್ಟಿ ತುಂಬಿತು. ಗೆಸ್ಟು ನಿಂತ ಪ್ರತಿಯೊಂದು ಕಡೆಯೂ ಅದರ ನೇರ ಮೇಲೆ ಹೋಸ್ಟಿನಲ್ಲಿ ಒಂದು ದಪ್ಪ ಗೆರೆ. ಆ ಗೆರೆ ಯಾವ ಕೆಲಸದ್ದು ಅಂತ ಹುಡುಕುವ ಗೋಜೇ ಇರಲಿಲ್ಲ, ನೋಡಿದ ಕೂಡಲೇ ಗುರುತು ಸಿಕ್ಕಿತು, ತನ್ನ ಮಗು ಬೇರೆಯವರ ಮನೆಯಲ್ಲಿ ಗಾಜು ಒಡೆದಾಗ ಸಿಗುವ ಹಾಗೆ. ಅದು ಹೋಸ್ಟಿನ ಮೆಮೊರಿಯಲ್ಲಿ ಬಿದ್ದ ಕಸ ಗುಡಿಸುವ ಕೆಲಸ. ಅವನೇ ಬರೆದು ಹಾಕಿದ್ದು. ಗುಡಿಸಲು ಇಳಿದರೆ ಸಾಕು, ಒಳಗಿದ್ದವರನ್ನೆಲ್ಲ ಇದ್ದಲ್ಲೇ ನಿಲ್ಲಿಸಿ, ತನ್ನ ಕೆಲಸ ಮುಗಿದ ಮೇಲೆ ಬಿಡುತ್ತಿತ್ತು. ನಿಂತ ಗೆಸ್ಟಿಗೆ ತಾನು ನಿಂತದ್ದೇ ಗೊತ್ತಾಗುವುದಿಲ್ಲ. ಕಣ್ಣು ಬಿಟ್ಟು ಗಡಿಯಾರ ನೋಡಿಕೊಂಡು, ಅಯ್ಯೋ ಇಷ್ಟು ಹೊತ್ತಾಯಿತೇ, ನಾನೇ ನಿಧಾನ ಮಾಡಿದೆ ಅಂದುಕೊಳ್ಳುತ್ತದೆ.

ಎದ್ದು ಹೋಗಿ ಹೇಳಿಬಿಡಬೇಕು. ಎರಡು ಸಾಲು ಮೇಜು ದಾಟಿದರೆ ಟೀಚರ್ ಕೂರುವ ಜಾಗ. ಎದ್ದ. ನೀರಿನ ಯಂತ್ರದ ತನಕ ಹೋದ. ನೀರು ಕುಡಿದು ವಾಪಸು ಬಂದ. ಶಾಲೆಯಲ್ಲಿ ಅವನು ಮಾನಿಟರ್ ಆಗಿದ್ದ, ಮೇಷ್ಟ್ರು ಇಲ್ಲದ ಹೊತ್ತಿನಲ್ಲಿ ಮಾತಾಡುವವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಕೆಲಸ. ಬಲಗಡೆ ಸಾಲಿನಲ್ಲಿ ಅವನ ಗೆಳೆಯರು ಕೂರುತ್ತಿದ್ದರು, ಆದ್ದರಿಂದ ಅವನು ಎಡಗಡೆಗೇ ಮುಖ ಮಾಡಿ ನಿಲ್ಲುತ್ತಿದ್ದ. ಬರೆಯಬಾರದು ಅಂತೇನಲ್ಲ, ಆ ಕಡೆ ಕತ್ತು ತಿರುಗುತ್ತಿರಲಿಲ್ಲ ಅಷ್ಟೆ. ಮೇಷ್ಟ್ರು ಬಂದು ಹಲಗೆ ನೋಡಿ, ಬಲಗಡೆಯವರು ಎಷ್ಟು ಒಳ್ಳೆಯ ಮಕ್ಕಳು ಅನ್ನುತ್ತಿದ್ದರು. ಥೂ, ಇದನ್ನೆಲ್ಲ ಈಗ ಯಾರು ಕೇಳಿದರು, ಎಂದು ಅವನು ತನ್ನ ಮೇಲೆ ತಾನೇ ಸಿಡುಕಿ ಕುರ್ಚಿ ಎಳೆದುಕೊಂಡ. ಹೇಳಬೇಕು, ಹೇಳುವುದೇನೋ ಹೇಳಬೇಕು, ಆದರೆ ಹೇಗೆ? ಸಾಧನ ಮಾಡಿದವನೇ ಸಾಧನ ಬಳಸಲು ಬಾರದವನಾದ ಅಂತ ಈ ಕಟ್ಟಡದಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಊಟದ ಮೇಜಿನಲ್ಲಿ ಉಪ್ಪು ಕೇಳಿದರೂ, ಹೆಸರಿಗೆ ಮುಂಚೆ ಕೇಳ್ತೀರಾ, ಆಮೇಲೆ ಕೇಳ್ತೀರಾ ಸರ್, ಅನ್ನುತ್ತಾರೆ.

ಆಗ ಬಂತು ನೋಡಿ ಆ ಬುದ್ಧಿ. ಬುದ್ಧಿವಂತರಿಗೆ ಮಾತ್ರ ಬರುವಂಥ ದಡ್ಡ ಬುದ್ಧಿ. ಸಾಲು ತಪ್ಪಾಗಿದ್ದು ನಿಯಮದಿಂದ ತಾನೇ? ನಿಯಮ ಯಾರ ಕೈಯಲ್ಲಿದೆ? ನಿಯಮವನ್ನೇ ಬದಲಿಸಿಬಿಟ್ಟರೆ? ಹೆಸರಾದ ಮೇಲೆ ಬಂದದ್ದು ಗೆಸ್ಟಿಗೂ ಸೇರಲಿ, ಹೋಸ್ಟಿಗೂ ಸೇರಲಿ, ಬಳಸುವವರಿಗೆ ಅನುಕೂಲ. ಈ ಬದಲಾವಣೆ ಒಳಗೆ ಹೋಗಿಬಿಟ್ಟರೆ ಗುರುವಾರದ ಸಾಲು ತಾನಾಗಿಯೇ ಸರಿಯಾದ ಸಾಲು. ಅದೇ ಸಾಲನ್ನು ನಾಲ್ಕು ಗಂಟೆಗೆ ಎಲ್ಲರೆದುರು ಇನ್ನೊಮ್ಮೆ ಓಡಿಸಿ, ಅರೆ, ಇವತ್ತು ಹೋಸ್ಟಿನಲ್ಲೂ ಏನೋ ಕಾಣಿಸ್ತಿದೆಯಲ್ಲ, ಎಂದು ಆಶ್ಚರ್ಯ ಪಟ್ಟರೆ ಆಯಿತು. ಟೀಚರ್ ಕೆಲಸವೂ ಉಳಿಯುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ. ಹೃದಯ ಹಗುರಾಗಿ, ಸಿಳ್ಳೆ ಹಾಕುವುದೊಂದು ಬಾಕಿ, ಬೆರಳು ನೆಟಿಗೆ ಮುರಿದು ಬರೆಯಲು ಕೂತ.

ಬದಲಾವಣೆ ಬರೆಯುವುದು ಕಷ್ಟವಾಗಲಿಲ್ಲ. ಪರೀಕ್ಷೆ ಓಡಿಸಿದಾಗ ಕಷ್ಟ ಶುರುವಾಯಿತು. ಯಾರಾದರೂ ಮುಂದೊಂದು ದಿನ ನಿಯಮ ಮುರಿದರೆ ಹಿಡಿದುಕೊಡಲೆಂದು ಅವನೇ ಆಗ ಒಂದು ರಾಶಿ ಪರೀಕ್ಷೆ ಬರೆದಿಟ್ಟಿದ್ದ. ಹಿಡಿದಾಗ ಏನು ಹೇಳಬೇಕು ಅನ್ನುವುದನ್ನೂ ಬರೆದಿದ್ದ, ಆಗ ವಯಸ್ಸು ಕಡಿಮೆ, ಕೊಬ್ಬು ಜಾಸ್ತಿ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಒಂದೊಂದಾಗಿ ಬಂದವು. ಗೆಸ್ಟಿನ ಮಾತನ್ನು ಹೋಸ್ಟಿಗೆ ಹೇಳಿದ್ದೀರಿ, ಚಾಡಿಕೋರರೇ. ಇನ್ನೊಂದು. ಹೆಸರಿನ ಆಚೆ ಈಚೆ ತಿಳಿಯದವರು ದಯವಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಮತ್ತೊಂದು. ಅನುಕೂಲಕ್ಕೆ ಎಂದು ನೆಪ ಹೇಳಬೇಡಿ. ಓದುತ್ತ ಓದುತ್ತ ಅವನ ಮುಖ ಹುಳ್ಳಗಾಯಿತು. ಇಷ್ಟು ವರ್ಷದಲ್ಲಿ ಈ ಬೈಗುಳ ತಿಂದವರು ಬೇರೆ ಯಾರಾದರೂ ಇದ್ದಾರೋ, ಇಲ್ಲ ತನಗೆಂದೇ ತಾನು ಕೂಡಿಟ್ಟುಕೊಂಡದ್ದೋ? ಅವನು ಒಂದೊಂದನ್ನೇ ಅಳಿಸಿದ. ಚಾಡಿಕೋರರೇ ಅಂದದ್ದನ್ನು ಅಳಿಸುವಾಗ ಸ್ವಲ್ಪ ಬೇಜಾರಾಯಿತು, ಒಳ್ಳೆಯ ಬೈಗುಳ.

ಬದಲಾವಣೆ ಯಾರದ್ದೇ ಇರಲಿ, ಇನ್ನೊಬ್ಬರು ಓದಿ ಒಪ್ಪದೆ ಒಳಗೆ ಹೋಗುವಂತಿಲ್ಲ, ಅದೂ ಕಾಯ್ದೆಯೇ. ಯಾರು ಓದಬೇಕು ಅನ್ನುವುದನ್ನು ಸರದಿಯ ಪ್ರಕಾರ ಗಣಕವೇ ಆರಿಸುತ್ತದೆ. ಆರಿಸಿತು. ಟೀಚರ್. ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಅವಳ ಪ್ರಶ್ನೆ ಪರದೆಯ ಮೇಲೆ ಬಂದುಬಿಟ್ಟಿತು. ಸರ್, ಇದು ಯಾರಿಗೆ ಬೇಕಾಗಿದೆ? ಇವನು, ಬಳಸುವವರಿಗೆ, ಎಂದು ಬರೆದ. ಅವಳು ಬಿಡಲಿಲ್ಲ. ನಿಜವಾಗಿ ಯಾರಾದರೂ ಹೀಗೆ ಬರೆದು ತೊಂದರೆಗೆ ಸಿಕ್ಕಿದ್ದಾರಾ ಸರ್, ಒಂದು ಉದಾಹರಣೆ ಇದ್ದರೆ ಕೊಡಿ, ಈ ನಿಯಮ ಬಹಳ ಒಳ್ಳೆಯದು ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವನು ಇದೆ ಎಂದು ಬರೆದ, ಅಳಿಸಿದ. ಒಬ್ಬರು ಎಂದು ಬರೆದ, ಅಳಿಸಿದ. ಅವನು ಅಳಿಸುತ್ತಿದ್ದಾಗಲೇ ಅವಳ ಕಡೆಯಿಂದ ಇನ್ನೊಂದು ಸಾಲು ಬಂತು. ಸರ್, ಇದನ್ನ ನಾಳೆ ನೋಡಲೇ? ಇವತ್ತು ನನ್ನ ಜೋಡಣೆ ಕಿತ್ತು ಹಾಕೋ ದಿನ, ಕೈ ಓಡ್ತಿಲ್ಲ.

ಇನ್ನು ನಾಲ್ಕು ಗಂಟೆಯೊಳಗೆ ನಿಯಮ ಬದಲಾಗುವಂತಿಲ್ಲ, ಉಪಾಯ ಅಲ್ಲಿಗೇ ಕುಸಿಯಿತು. ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ಡಬ್ಬಿ ತೊಳೆಯಲು ಹೋದರೆ ಸಿಂಕಿನ ಮುಂದೆ ಅವಳೇ, ಖಾಲಿ ಡಬ್ಬಿಯನ್ನು ತೊಳೆದದ್ದನ್ನೇ ತೊಳೆಯುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು ಹತ್ತಿತ್ತು. ಇಲ್ಲೇ, ಈಗಲೇ, ಇಬ್ಬರೇ ಇದ್ದೀವಿ, ಎಂದುಕೊಂಡು ಅವನು ಬಾಯಿ ತೆರೆದ.

"ಟೀಚರ್, ಗುರುವಾರದ್ದು..."

"ನಾನೇ ನಿಮ್ಮ ಹತ್ರ ಬರೋಳಿದ್ದೆ ಸರ್. ಥ್ಯಾಂಕ್ಸ್ ಹೇಳೋಕೆ."

"ಥ್ಯಾಂಕ್ಸಾ?"

"ಅವತ್ತು ನೀವು ಆ ಪಟ್ಟಿ ತೋರಿಸದಿದ್ರೆ ನಾನು ಹೋಸ್ಟಿನ ಮೇಲೇ ಗೂಬೆ ಕೂರಿಸ್ತಾ ಇರ್ತಿದ್ದೆ. ನಿಜ ಹೇಳ್ತೀನಿ, ನಿಮ್ಮನ್ನ ಮನಸ್ಸಲ್ಲೇ ಬೈದೂ ಇದ್ದೆ. ಈಗ ಸಿಕ್ತು ಸರ್, ತಪ್ಪು ಸಿಕ್ತು. ನನ್ನದೇ."

"ಸಿಕ್ತಾ? ಎಲ್ಲಿ ಸಿಕ್ತು?"

"ಚಿತ್ರ ಸಾಲಾಗಿ ಕಾಯೋ ಜಾಗದಲ್ಲಿ. ಒಂದು ಸಲಕ್ಕೆ ಒಂದೇ ಚಿತ್ರ ಹೋಗಲಿ ಅಂತ ಒಂದು ಬೀಗ ಹಾಕಿದೀನಿ, ಅದನ್ನ ಸ್ವಲ್ಪ ಬೇಗ ತೆಗೀಬಹುದಿತ್ತು. ಅಷ್ಟು ಸಣ್ಣದು ಇಷ್ಟು ದೊಡ್ಡ ತಡ ಮಾಡುತ್ತಾ ಅಂತ ಮೊದಲು ನನಗೂ ನಂಬಿಕೆ ಬರಲಿಲ್ಲ. ಆದ್ರೆ ಬೇರೆ ಏನೂ ಇಲ್ವಲ್ಲ ಸರ್. ನಿಮ್ಮ ಕಡೆ ಒಂದು ಗೆರೆಯೂ ಇಲ್ಲ."

ಅವನು "ಓ" ಅಂದ. ಇಡೀ ಜನ್ಮದಲ್ಲಿ ಅವನು ಆಡಿದ ಮಾತುಗಳಲ್ಲಿ ಅದಕ್ಕಿಂತ ನಾಚಿಕೆಗೆಟ್ಟದ್ದು ಇನ್ನೊಂದಿರಲಾರದು. ಅವಳು ಡಬ್ಬಿ ಒರೆಸಿಕೊಂಡು, "ಶಾಲೆ ಬಿಡಬಾರದಿತ್ತು ಅನ್ನಿಸ್ತಿದೆ ಸರ್. ಮಕ್ಕಳ ಲೆಕ್ಕ ತಿದ್ದೋದೇ ನನಗೆ ಸರಿ" ಎಂದು ನಕ್ಕು ಹೋದಳು. ಇವನು ಅವಳು ಬಿಟ್ಟುಹೋದ ನಲ್ಲಿಯ ಕೆಳಗೆ ತನ್ನ ತುಂಬಿದ ಡಬ್ಬಿಯನ್ನು ಹಿಡಿದ. ಅನ್ನ ನೀರಿನಲ್ಲಿ ತೇಲಿತು.

ನಾಲ್ಕು ಗಂಟೆಯ ತನಕ ಅವನ ತಲೆಯೊಳಗೆ ಒಬ್ಬ ವಕೀಲ ಬಂದು ಕೂತಿದ್ದ. ಅವಳೇ ಒಪ್ಪಿಕೊಂಡಿದ್ದಾಳಲ್ಲ, ನೀನೇನು ಹೇಳಿಸಿದೆಯಾ? ಅಲ್ಲದೆ ಆ ಬೀಗದಲ್ಲೂ ಏನೋ ಇರಬಹುದು, ಇಲ್ಲದಿದ್ದರೆ ಅವಳಿಗೆ ಯಾಕೆ ಕಾಣಬೇಕು? ನಿನ್ನ ಕಸ ಗುಡಿಸುವುದನ್ನು ಇವತ್ತೇ ಸದ್ದಿಲ್ಲದೆ ತೆಗೆದುಬಿಡು. ಅವಳು ಬೀಗ ತಿದ್ದಿದ ದಿನವೇ ಚಿತ್ರ ನಿಲ್ಲುವುದು ನಿಂತುಹೋಗುತ್ತದೆ, ಅವಳಿಗೂ ಸಂತೋಷ. ಬಲು ಸೊಗಸಾಗಿ ವಾದಿಸುತ್ತಿದ್ದ ವಕೀಲ. ಇವನಿಗೆ ಅವನ ಮಾತೆಲ್ಲ ಸರಿಯೆನ್ನಿಸುತ್ತಿತ್ತು, ಆದರೆ ಕಣ್ಣು ಮಾತ್ರ ಗಡಿಯಾರವನ್ನು ಬಿಡುತ್ತಿರಲಿಲ್ಲ. ನಡುವೆ ಹೆಂಡತಿ ಫೋನು ಮಾಡಿದಳು. ಅತ್ತೆ ಈಗ ಯಾರೂ ಹೇಳದೆಯೇ ಸ್ಟೂಲು ಹತ್ತಿ ಸ್ವಿಚ್ಚು ಆರಿಸಿ ಇಳಿದರಂತೆ, ಮಂಡಿ ಹಿಡಿದುಕೊಂಡಿದೆಯಂತೆ. "ಯಾಕಮ್ಮ ಹತ್ತಿದೆ ಅಂದ್ರೆ, ಬೆಳಿಗ್ಗೆ ಅಳಿಯಂದಿರು ಅದು ನನ್ನ ಕೆಲಸ ಅಂದ್ರಲ್ಲ ಅಂತಾಳೆ. ನೋಡಿ, ಸಂಜೆ ಬಂದು ನೀವೇ ಮಾತಾಡಿ. ನಾನಂತೂ ಆಡಲ್ಲ." ಅವನು ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದ.

ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮ್ಯಾನೇಜರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಬೇಗ ಮುಗಿಸೋಣಪ್ಪ, ಅಂದರು. ಟೀಚರ್ ಎದ್ದು ನಿಂತು, ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಬೀಗದ ವಿಷಯ ಹೇಳಿದಳು. ಚೆನ್ನಾಗಿ ಹೇಳಿದಳು, ಪಾಠ ಮಾಡಿದ ಹಾಗೆ, ಕೊನೆಯ ಬೆಂಚಿನವರಿಗೂ ಅರ್ಥವಾಗುವಂತೆ. ಒಂದೊಂದು ಮೆಟ್ಟಿಲೂ ಗಟ್ಟಿ, ಇಡೀ ಏಣಿ ಮಾತ್ರ ಗಾಳಿಯಲ್ಲಿ ನಿಂತಿದೆ ಅನ್ನುವುದು ಆ ಕೋಣೆಯಲ್ಲಿ ಇವನೊಬ್ಬನಿಗೆ ಗೊತ್ತಿತ್ತು. "ತಪ್ಪು ನನ್ನದು. ಕಿತ್ತು ಹಾಕೋದಾದ್ರೆ ನಾನೇ ಕೀಳ್ತೀನಿ ಸರ್, ಬೇರೆಯವರು ಬೇಡ" ಅಂದಳು. 

"ಅಲ್ಲ" ಅಂದ ಅವನು. ವಕೀಲ ಇನ್ನೂ ಮಾತಾಡುತ್ತಲೇ ಇದ್ದ. "ತಪ್ಪು ಅವರದ್ದಲ್ಲ. ನನ್ನದು."

ಮ್ಯಾನೇಜರು ಕುರ್ಚಿಯನ್ನು ಮುಂದಕ್ಕೆ ತಂದರು. ಆದರೆ ಅವರಿಗಿಂತ ಮೊದಲು ತಿರುಗಿದ್ದು ಟೀಚರ್. "ಏನ್ ಸರ್ ಇದು? ಪಾಪ ಅಂತ ಹೇಳ್ತಿದೀರಾ? ಬೇಡ. ನಾನು ತೋರಿಸಿದೆನಲ್ಲ, ಬೀಗ ಅಲ್ಲೇ ಇದೆ."

"ಬೀಗ ಇದೆ. ಅದರಿಂದ ಏನೂ ಆಗಿಲ್ಲ."

"ಅದು ಹೇಗೆ ಆಗಿಲ್ಲ? ಗುರುವಾರದಿಂದ ಹುಡುಕಿದೀನಿ ನಾನು!"

"ನಾನು ಹೋಸ್ಟಿನ ಮೇಲೆ ಟ್ರೇಸ್ ಹಾಕೇ ಇರಲಿಲ್ಲ ಟೀಚರ್. ಎಲ್ಲ ಆಪ್ಷನ್ನುಗಳನ್ನೂ ನಿಮ್ಮ ಗೆಸ್ಟಿನ ಹೆಸರಾದ ಮೇಲೆ ಬರೆದುಬಿಟ್ಟಿದ್ದೆ. ಅಷ್ಟೂ ನಿಮಗೇ ಹೋಯ್ತು."

 ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಇನ್ನೊಬ್ಬರು ಅವರ ತೊಡೆ ಚಿವುಟಿದರು. ಮ್ಯಾನೇಜರು, "ಕಾಯ್ದೆ... ಅಂದ್ರೆ, ಆ ಕಾಯ್ದೆ ಮಾಡಿದ್ದು ನೀವೇ ಅಲ್ವೇನ್ರಿ?" ಎಂದು ತಡವರಿಸಿ, ಆಮೇಲೆ ಇಬ್ಬರ ಮುಖವನ್ನೂ ನೋಡಿ, "ತಪ್ಪು ನಿಮ್ಮದು ನಿಮ್ಮದು ಅಂತ ಜಗಳ ಆಡೋರನ್ನ ನೋಡಿದೀನಿ. ನನ್ನದು ನನ್ನದು ಅಂತ ಕಿತ್ತಾಡೋರನ್ನ ಇವತ್ತೇ ನೋಡ್ತಿರೋದು. ಮಾತು ಸಾಕು, ಓಡಿಸಿ ತೋರಿಸಿ" ಅಂದರು. ಅವನು ಎದ್ದು ಹೋಗಿ ಬರೆದ. ಎಲ್ಲರೂ ನೋಡುತ್ತಿರುವಾಗ ಬರೆಯುವುದು ಅಂದರೆ ಎಲ್ಲರೆದುರು ಊಟ ಮಾಡಿದ ಹಾಗೆ, ಎರಡು ಸಲ ಅಕ್ಷರ ತಪ್ಪಿತು. ಹೋಸ್ಟಿನದು ಮೊದಲು, ಆಮೇಲೆ ಹೆಸರು, ಆಮೇಲೆ ಗೆಸ್ಟಿನದು. ಒತ್ತಿದ. ಕಾದರು. ಗೋಡೆಯ ಮೇಲೆ ಎರಡು ಪಟ್ಟಿಯೂ ತುಂಬುತ್ತ ಬಂದವು.

ಅವನು ಪರದೆಗೆ ಬೆನ್ನು ಹಾಕಿ ನಿಂತ. ಈ ಗಳಿಗೆಗೆ ಏನು ಹೇಳಬೇಕೆಂದು ಪಟ್ಟಿ ತುಂಬುವಷ್ಟರಲ್ಲೇ ಜೋಡಿಸಿಕೊಂಡಿದ್ದ. ಕಸ ಗುಡಿಸುವ ಕೆಲಸ ನಾನೇ ಬರೆದದ್ದು ಎಂದ. ಎಚ್ಚರಿಕೆ ತೋರಿಸಿ ಅಂತ ಟೀಚರ್ ಹಿಂದೆಯೇ ಕೇಳಿದ್ದರು, ನಾನು ಸೊಕ್ಕಿನ ಉತ್ತರ ಕೊಟ್ಟಿದ್ದೆ ಎಂದ. ಬೆಳಿಗ್ಗೆಯೇ ಗೊತ್ತಾಗಿತ್ತು, ಸಂಜೆ ತನಕ ಮುಚ್ಚಿಡಲು ನೋಡಿದೆ ಎಂದ. ಅದನ್ನು ಹೇಳಬೇಕೆಂದು ಜೋಡಿಸಿಕೊಂಡಿರಲಿಲ್ಲ, ಬಾಯಿ ತಪ್ಪಿ ಬಂತು. ಹೇಳುತ್ತ ಹೇಳುತ್ತ ಕಣ್ಣು ಮಂಜಾಯಿತು, ತಾನು ಎಷ್ಟು ದೊಡ್ಡ ಮನುಷ್ಯನಾಗುತ್ತಿದ್ದೇನೆ ಅನ್ನಿಸಿತು. ಅಯ್ಯೋ ಬಿಡಿ ಸರ್, ಯಾರಿಗಾದರೂ ಆಗುತ್ತೆ, ಎಂದು ಅವಳು ಅನ್ನುತ್ತಾಳೆ, ಅಂದಾಗ ತಾನು ಬೇಡ ಟೀಚರ್, ಕ್ಷಮಿಸಬೇಡಿ ಅನ್ನಬೇಕು, ಅದಕ್ಕೂ ಸಿದ್ಧನಾಗಿದ್ದ. "ನಿಮ್ಮನ್ನ ಇಷ್ಟು ದಿನ ನಿಮ್ಮ ಮೇಲೇ ಅನುಮಾನ ಪಡೋ ಹಾಗೆ ಮಾಡಿದೆ" ಎಂದು ಮುಗಿಸಿ, ತಲೆ ತಗ್ಗಿಸಿ ಕಾದ.

 ಅವನು ಮೆಲ್ಲಗೆ ಕಣ್ಣೆತ್ತಿದ. ಟೀಚರ್ ಮೇಜಿನ ಮೇಲೆ ಎರಡೂ ಕೈ ಊರಿ, ಕತ್ತು ಒಮ್ಮೆ ಈ ಕಡೆಗೆ ಒಮ್ಮೆ ಆ ಕಡೆಗೆ ಬಾಗಿಸಿ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಅವನನ್ನಲ್ಲ.

"ಸರ್" ಅಂದಳು. ಅವಳ ದನಿಯಲ್ಲಿ ಸಿಟ್ಟು ಇತ್ತು, ಅವಸರವೂ ಇತ್ತು. "ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಹೋಸ್ಟ್ ಕಾಣ್ತಿಲ್ಲ."

ಅವನು ಪಕ್ಕಕ್ಕೆ ಬಂದ.